ಕೆಂಪು ದಾರ ಕಟ್ಟಿದ್ದ ಸೊಪ್ಪು

ಇದನ್ನು ಬರೆಯಬೇಕೆಂದು ಕೂತು ಎದ್ದುಹೋದದ್ದು ಎಷ್ಟು ಸಲವೋ ನೆನಪಿಲ್ಲ. ಕನ್ನಡಕ ಬದಲಾಯಿಸಿದ ಮೇಲೆ ಬರೆಯೋಣ ಅಂದುಕೊಂಡೆ. ಕಬ್ಬಿನ ಕಟಾವು ಮುಗಿಯಲಿ ಅಂದುಕೊಂಡೆ. ಕನ್ನಡಕ ಬದಲಾಯಿತು, ಕಟಾವು ಎರಡು ಸಲ ಮುಗಿಯಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಾಗುಣಿತಕ್ಕೆ ಹೆದರಿ ಬರೆಯಲಿಲ್ಲ ಎಂದರೆ ನಂಬುವವರಿದ್ದಾರೆ, ಆದರೆ ಅದು ಸುಳ್ಳು. ಬರೆದರೆ ಒಂದು ಮುಂಜಾನೆಯನ್ನು ಮತ್ತೆ ನೋಡಬೇಕಾಗುತ್ತದೆ, ಅದಕ್ಕೆ ಹೆದರಿದ್ದೆ.

ನಮ್ಮದು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಗದ್ದೆ, ಕಬ್ಬು ಇದ್ದವರೂ ಹಿತ್ತಲಲ್ಲಿ ಒಂದಿಷ್ಟು ತರಕಾರಿ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ನಂಜನಗೂಡಿನ ಒಂದು ಕಾರ್ಖಾನೆಯ ಕ್ಯಾಂಟೀನಿನವರು ಊಟದ ಜೊತೆ ಹಸಿಯಾಗಿ ಕೊಡಲು ಔಷಧಿ ಹೊಡೆಯದ ತರಕಾರಿ ಹುಡುಕುತ್ತಿದ್ದಾರೆಂದು ನೆಂಟರೊಬ್ಬರಿಂದ ತಿಳಿಯಿತು. ಹೋಗಿ ಮಾತಾಡಿದೆ. ನಮ್ಮದೂ ಸೇರಿ ಐದು ಮನೆಯ ಹಿತ್ತಲು ಒಟ್ಟು ಮಾಡಿದೆ. ಸೌತೆಕಾಯಿ, ಕ್ಯಾರೆಟ್, ಮೂಲಂಗಿ, ಕೊತ್ತಂಬರಿ, ಪುದೀನ, ನೆರಳುಬಲೆಯ ಕೆಳಗೆ ಲೆಟಿಸ್. ಈ ಲೆಟಿಸ್ ನಮ್ಮೂರಿಗೆ ಹೊಸದು. ಐದನೆಯ ಮನೆಯ ಹೆಂಗಸು ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದು, ‘ಇದು ಕೋಸಿನ ತಮ್ಮ, ಇನ್ನೂ ಮೈ ಕಟ್ಟಿಲ್ಲ’ ಅಂದಿದ್ದರು. ಎಲ್ಲರೂ ನಕ್ಕಿದ್ದೆವು.

ಈ ಕಥೆ ಅವರದು. ಗಂಡ ಇರಲಿಲ್ಲ. ಮಗಳನ್ನು ಬನ್ನೂರಿಗೆ ಕೊಟ್ಟಿದ್ದರು. ಅಲ್ಲಿಯವರೆಗೆ ಬೇರೆಯವರ ಗದ್ದೆಯಲ್ಲಿ ನಾಟಿಗೆ, ಕಳೆಗೆ ಬಗ್ಗಿದ್ದವರು. ಅವರ ತವರಿನಲ್ಲಿ ವೀಳ್ಯದೆಲೆಯ ತೋಟವಿತ್ತು. ಎಲೆಯನ್ನು ಕೊಯ್ದ ಮೇಲೆ ವಾರಗಟ್ಟಲೆ ಹಸಿರಾಗಿ ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದರಂತೆ. ಹಾಗಾಗಿ ಕೊಯ್ದದ್ದನ್ನು ತೊಳೆದು, ಜೋಡಿಸಿ, ಲೋಡಿನ ದಿನದವರೆಗೆ ಕಾಪಾಡುವ ಕೆಲಸವನ್ನು ಅವರಿಗೆ ವಹಿಸಿದೆ. ನಾನು ಆಗ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಬಹುವಚನ ತಾನಾಗಿಯೇ ಬರುತ್ತಿದೆ.

ಕಾಪಾಡುವುದೇ ಕಷ್ಟದ ಕೆಲಸ. ಹಿತ್ತಲಿನ ಬೆಳೆ ಒಂದೇ ದಿನ ರಾಶಿಯಾಗಿ ಬರುವುದಿಲ್ಲ, ದಿನಾ ಸ್ವಲ್ಪಸ್ವಲ್ಪ ಕೊಯ್ಯಬೇಕು. ನಂಜನಗೂಡಿಗೆ ಲೋಡು ಹೋಗುತ್ತಿದ್ದದ್ದು ಮಂಗಳವಾರ, ಗುರುವಾರ, ಶನಿವಾರ. ಅಲ್ಲಿ ಕ್ಯಾಂಟೀನಿನಲ್ಲಿ ಮತ್ತೆ ಒಂದು ದಿನ ಇರುತ್ತಿತ್ತು. ಅಂದರೆ ನಮ್ಮ ಒಂದು ಎಲೆ ಗಿಡ ಬಿಟ್ಟು ಎರಡು ಮೂರು ದಿನವಾದರೂ ಗರಿಗರಿಯಾಗಿ ಇರಬೇಕು.

ಅವರ ಕ್ರಮ ಹೀಗಿತ್ತು. ಬಿಸಿಲು ಎಲೆ ಮುಟ್ಟುವ ಮೊದಲೇ ಕೊಯ್ಲು ಮುಗಿಯಬೇಕು. ಲೆಟಿಸನ್ನು ಕೀಳಬಾರದು, ಚಾಕುವಿನಲ್ಲಿ ಬುಡಕ್ಕೆ ಕೊಯ್ಯಬೇಕು. ಬಾನಿಯ ತಣ್ಣೀರಿನಲ್ಲಿ ಎರಡು ಸಲ ಅದ್ದಿ, ತಲೆಕೆಳಗಾಗಿ ಮಂಕರಿಯಲ್ಲಿ ಇಟ್ಟು ನೀರು ಬಸಿಯಬೇಕು. ಆಮೇಲೆ ಹಳೇ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ ಹಗುರವಾಗಿ ಬೀಸಿ, ಉಳಿದ ನೀರನ್ನೂ ಹಾರಿಸಬೇಕು. ‘ಒದ್ದೆ ಮೈನಾಗೆ ಮಲಗುದ್ರೆ ಯಾರ್ಗಾದ್ರೂ ಸೀತ ಆಯ್ತದೆ’ ಎನ್ನುತ್ತಿದ್ದರು. ಕ್ರೇಟಿಗೆ ಬಾಳೆಲೆ ಹಾಸಿ, ಚೆನ್ನಾಗಿ ಹಿಂಡಿದ ಬಟ್ಟೆ ಸುತ್ತಿ ಇಡಬೇಕು. ಆ ಬಟ್ಟೆ ಮುಟ್ಟಿದರೆ ತಣ್ಣಗಿರಬೇಕು, ಕೈ ಒದ್ದೆಯಾಗಬಾರದು. ಕ್ಯಾರೆಟ್, ಮೂಲಂಗಿಯ ಸೊಪ್ಪನ್ನು ಕೂಡಲೇ ತಿರುಚಿ ತೆಗೆಯಬೇಕು, ಬಿಟ್ಟರೆ ಗೆಡ್ಡೆಯ ನೀರನ್ನು ಅದು ಕುಡಿಯುತ್ತದೆ. ಸೌತೆಗೆ ಒಂದಿಷ್ಟು ತೊಟ್ಟು ಉಳಿಸಿ, ತೊಳೆಯದೆ ಒಣಬಟ್ಟೆಯಲ್ಲಿ ಒರೆಸಬೇಕು. ಕೊತ್ತಂಬರಿಯ ಬೇರು ನೀರಿನಲ್ಲಿ ನಿಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ಒಂದು ಸಲ ಕ್ರೇಟು ಬಿಚ್ಚಿ ಎಲೆ ತಿರುವಿ, ಕೊಳೆಯಲು ಶುರುವಾದ ಒಂದು ಎಲೆ ಇದ್ದರೂ ಹುಡುಕಿ ಎಸೆಯಬೇಕು. ಇದು ವೀಳ್ಯದೆಲೆಯವರ ಪದ್ಧತಿ.

ಕ್ರೇಟುಗಳನ್ನು ಇಡಲು ನಮ್ಮ ಮನೆಯ ಕತ್ತಲೆ ಕೋಣೆ ಕೊಟ್ಟೆ. ಹಿಂದೆ ರಾಗಿ ತುಂಬುತ್ತಿದ್ದ ಕೋಣೆ. ದಪ್ಪ ಮಣ್ಣಿನ ಗೋಡೆ, ಒಂದೇ ಸಣ್ಣ ಕಿಟಕಿ. ತಿ. ನರಸೀಪುರದಿಂದ ಗೋಡೆಗೆ ನೇತುಹಾಕುವ ಥರ್ಮಾಮೀಟರ್ ತಂದು ಹಾಕಿದೆ. ಹೊರಗೆ ಮೂವತ್ತಿದ್ದರೆ ಒಳಗೆ ಇಪ್ಪತ್ತಮೂರು ತೋರಿಸುತ್ತಿತ್ತು. ಬಿಸಿಗಾಳಿ ಬಾರದಿರಲಿ ಎಂದು ಕಿಟಕಿಗೆ ಗೋಣಿಚೀಲ ತುರುಕಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮೊದಲ ಒಂದು ತಿಂಗಳು ತೊಂದರೆ ಇರಲಿಲ್ಲ. ಆಮೇಲೊಂದು ದಿನ ಕ್ಯಾಂಟೀನಿನ ಉಸ್ತುವಾರಿಯ ಫೋನು ಬಂತು.

‘ಯಜಮಾನ್ರೇ, ನಿಮ್ ಕೊತ್ತಂಬರಿ ಅರಿಶಿನ ಹಚ್ಕೊಂಡು ಬಂದದೆ. ಮದುವೆ ಮಾಡ್ಬೇಕಾ, ಎಂಗೆ?’

ಲೆಟಿಸಿನ ದಂಟಿನ ಮೇಲೆ ತುಕ್ಕಿನಂಥ ಚುಕ್ಕೆ ಬಂದಿವೆ, ಸೌತೆ ಹಳದಿ ತಿರುಗಿದೆ, ಕ್ಯಾರೆಟ್ ಕಹಿ ಅಂತ ಕಾರ್ಮಿಕರು ತಟ್ಟೆಯಲ್ಲೇ ಬಿಡುತ್ತಿದ್ದಾರೆ ಎಂದರು. ಎರಡು ಕ್ರೇಟು ವಾಪಸು ಬಂದವು. ಮುಂದಿನ ವಾರ ಮೂರು. ಹೀಗೇ ಆದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆಂದು ಅವರು ಹೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಐದು ಮನೆಯವರಿಗೆ ಮಾತು ಕೊಟ್ಟವನು ನಾನು.

ತಪ್ಪು ಎಲ್ಲಿದೆ ಎಂದು ಹುಡುಕುವ ಬದಲು ಯಾರದು ಎಂದು ಹುಡುಕಲು ಶುರುಮಾಡಿದೆ. ನನ್ನ ಸ್ವಭಾವವೇ ಹಾಗೆ. ಹಾಲು ತೆಳುವಾಗಿದ್ದರೆ ಹಸುವಿನ ಮೇವು ನೋಡುವ ಮೊದಲು ಕರೆದವರ ಮುಖ ನೋಡುವವನು ನಾನು.

ಮೊದಲು ಕ್ಯಾಂಟೀನಿನವರ ಮೇಲೆಯೇ ಅನುಮಾನ ಬಂತು. ಯಾರೋ ಬೇರೆಯವರು ಒಳಗೆ ಬರಲು ನೋಡುತ್ತಿದ್ದಾರೆ, ಅದಕ್ಕೇ ನಮ್ಮದು ಕೆಟ್ಟಿದೆ ಎನ್ನುತ್ತಿದ್ದಾರೆ ಎಂದುಕೊಂಡೆ. ಬಸ್ಸು ಹತ್ತಿ ಹೇಳದೆ ಹೋಗಿ ನಿಂತೆ. ಉಸ್ತುವಾರಿ ಒಂದು ಕ್ಯಾರೆಟ್ ಮುರಿದು ಕೈಗೆ ಕೊಟ್ಟರು. ಕಹಿಯೇ.

ಆಮೇಲೆ ಟೆಂಪೋದವನ ಮೇಲೆ. ದಾರಿಯಲ್ಲಿ ಎಲ್ಲೋ ಬಿಸಿಲಿಗೆ ನಿಲ್ಲಿಸಿ ತಿಂಡಿಗೆ ಹೋಗುತ್ತಾನೆ ಎಂದು ಖಾತ್ರಿ ಮಾಡಿಕೊಂಡು, ನಂಜನಗೂಡಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಜೊತೆಗೆ ಕೂತೆ. ದಾರಿಯುದ್ದಕ್ಕೂ ಹಿಂದೆ ತಿರುಗಿ ಕ್ರೇಟು ನೋಡುತ್ತಿದ್ದೆ. ಅವನಿಗೆ ಅರ್ಥವಾಯಿತು.

‘ಇಂಗೇ ಕೂತಿದ್ರೆ ಕತ್ತು ಉಳುಕ್ತದೆ ಸಾ. ನಿಮ್ ಸೊಪ್ಪು ಎದ್ದು ಓಡೋಗಾಕಿಲ್ಲ’ ಅಂದ.

ಮರದ ನೆರಳಿನಲ್ಲಿ ಐದು ನಿಮಿಷ ನಿಲ್ಲಿಸಿ ಒಂದು ಟೀ ಕುಡಿದ, ನನಗೂ ಕೊಡಿಸಿದ. ಅಷ್ಟೇ.

ಉಳಿದವರು ಒಬ್ಬರು.

ಅವರ ಮೇಲೆ ಅನುಮಾನ ಬರಲು ಒಂದು ಮಾತೂ ಕಾರಣ. ಕತ್ತಲೆ ಕೋಣೆಯ ಇನ್ನೊಂದು ತುದಿಯ ತೊಲೆಗೆ ನಾನು ರಸಬಾಳೆಯ ಗೊನೆ ನೇತುಹಾಕಿದ್ದೆ. ನಂಜನಗೂಡು ಕಡೆಯಿಂದ ಬಾಳೆಕಂದು ತಂದು ನೆಟ್ಟು, ಸೊರಗುರೋಗದಿಂದ ಕಾಪಾಡಿ ಉಳಿಸಿಕೊಂಡ ಬಾಳೆ. ಈಗ ರಸಬಾಳೆ ಬೆಳೆಯುವವರು ಕಡಿಮೆ, ಅದಕ್ಕೇ ನನಗೆ ಆ ಗೊನೆಗಳ ಮೇಲೆ ಜಂಬ. ಒಂದು ಹಣ್ಣಾಗುವಷ್ಟರಲ್ಲಿ ಇನ್ನೊಂದು ತಂದು ತೂಗುಹಾಕುತ್ತಿದ್ದೆ. ಕೋಣೆಯ ಬಾಗಿಲು ತೆಗೆದರೆ ಘಮ್ಮೆನ್ನುತ್ತಿತ್ತು. ಮೊದಲ ಗೊನೆ ಕಟ್ಟಿದ ದಿನವೇ ಅವರು ಬಾಗಿಲಲ್ಲಿ ನಿಂತು ಹೇಳಿದ್ದರು:

‘ಅಣ್ಣಯ್ಯ, ಎಲೆ ಇರೋ ತಾವು ಅಣ್ಣು ಮಡುಗ್ಬೇಡಿ. ಅಣ್ಣಿನ ಕಾವು ಎಲೆಗೆ ಆಗಾಕಿಲ್ಲ.’

ಕಾವು ಎಂದರೆ ನಾನು ತಿಳಿದದ್ದು ಶಾಖ. ಗೋಡೆಯ ಥರ್ಮಾಮೀಟರ್ ತೋರಿಸಿದೆ. ಇಪ್ಪತ್ತಮೂರು. ಬಾಳೆಹಣ್ಣಿಗೆ ಜ್ವರ ಬಂದದ್ದನ್ನು ಎಲ್ಲಾದರೂ ಕೇಳಿದ್ದೀಯಾ ಎಂದು ನಕ್ಕೆ. ಅವರು ಆ ಗಾಜಿನ ಕೊಳವೆಯನ್ನು ಸ್ವಲ್ಪ ಹೊತ್ತು ನೋಡಿ ಕೆಲಸಕ್ಕೆ ಹೋದರು. ಆಮೇಲೆ ಕ್ರೇಟು ವಾಪಸು ಬರತೊಡಗಿದಾಗ ಮತ್ತೆ ಅದೇ ಮಾತು ಎತ್ತಿದರು. ತನ್ನ ಕೈಯ ತಪ್ಪನ್ನು ನನ್ನ ಬಾಳೆಗೊನೆಯ ಮೇಲೆ ಹಾಕುತ್ತಿದ್ದಾಳೆ ಎಂದು ನನಗೆ ಆಗಲೇ ಅನ್ನಿಸಿತು. ಅವಳ ಮಾತು ಒಂದು ಸಲ ಕೇಳಿ ನೋಡಿ ಎಂದು ನನ್ನ ಹೆಂಡತಿ ಹೇಳಿದಾಗ, ಹೆಂಗಸರು ಹೆಂಗಸರ ಕಡೆಯೇ ಎಂದುಕೊಂಡೆ.

ಅಷ್ಟರಲ್ಲಿ ಯಾರೋ ಅವರನ್ನು ಬನ್ನೂರು ಬಸ್ಸಿನಲ್ಲಿ ತುಂಬಿದ ಕೈಚೀಲದ ಜೊತೆ ನೋಡಿದ್ದಾಗಿ ಹೇಳಿದರು. ಮಗಳ ಮನೆಗೆ ಹೋಗುವವರು ಬರಿಗೈಯಲ್ಲಿ ಹೋಗುತ್ತಾರೆಯೇ ಎಂಬ ಯೋಚನೆ ನನಗೆ ಬರಲಿಲ್ಲ. ಬನ್ನೂರಿನ ಸಂತೆಯಲ್ಲಿ ಮಾರುತ್ತಿರಬೇಕು ಎಂದುಕೊಂಡೆ. ಅದರಿಂದ ಎಲ್ಲವೂ ಹೊಂದಿಕೊಂಡಿತು. ಹೊಸ ಸೊಪ್ಪನ್ನು ತೆಗೆದು, ಮಾರದೆ ಮನೆಯಲ್ಲಿ ಉಳಿದ ಹಳೆಯದನ್ನು ತಂದು ಕ್ರೇಟಿಗೆ ಸೇರಿಸುತ್ತಿದ್ದಾಳೆ, ಅದಕ್ಕೇ ನಂಜನಗೂಡಿಗೆ ಹೋಗುವಷ್ಟರಲ್ಲಿ ಹಳದಿ.

ಹಿಡಿಯಲು ಉಪಾಯ ಮಾಡಿದೆ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಬಣ್ಣದ ದಾರ ತೆಗೆದುಕೊಂಡು, ದಿನಕ್ಕೊಂದು ಬಣ್ಣದಲ್ಲಿ ಸೊಪ್ಪಿನ ಕಟ್ಟು ಕಟ್ಟಲು ಶುರುಮಾಡಿದೆ. ಸೋಮವಾರ ಕೆಂಪು, ಮಂಗಳವಾರ ಬಿಳಿ, ಹೀಗೆ. ಯಾವ ದಿನದ ಕೊಯ್ಲು ಎಂದು ತಿಳಿಯಲಿ ಎಂದು ಎಲ್ಲರಿಗೂ ಹೇಳಿದೆ. ಸೋಮವಾರ ಸಂಜೆ ಎಣಿಸಿದಾಗ ಕೆಂಪು ದಾರದ ಆರು ಕಟ್ಟು ಕಡಿಮೆ ಇದ್ದವು. ಬಾಯಿ ಬಿಡಲಿಲ್ಲ. ಮಂಗಳವಾರ ಲೋಡು ಕಳಿಸಿದೆ. ಕಾಣೆಯಾದ ಆರು ಕಟ್ಟು ಎಂದಾದರೂ ಹಿಂದಕ್ಕೆ ಬಂದೇ ಬರುತ್ತವೆಂದು ಕಾದೆ.

ಶುಕ್ರವಾರ ಮುಂಜಾನೆ ಬಂದವು. ಐದೂ ಮನೆಯ ಹೆಂಗಸರು ಕೊಯ್ದದ್ದನ್ನು ತಂದು ನಮ್ಮ ಜಗುಲಿಯಲ್ಲಿ ಇಳಿಸುವ ಹೊತ್ತು. ಅವರು ಕೈಚೀಲವನ್ನು ಎದೆಗೆ ಆನಿಸಿಕೊಂಡು ಬಂದರು. ನಾನು ಮೆಟ್ಟಿಲಿಗೆ ಅಡ್ಡ ನಿಂತೆ.

‘ಚೀಲ ತೆಗಿ’ ಅಂದೆ.

‘ನಿಮಗೆ ತೋರುಸ್ಬೇಕು ಅಂತ್ಲೇ ತಂದಿವ್ನಿ ಅಣ್ಣಯ್ಯ. ಒಸಿ ಕೂತ್ಕೊಳಿ, ಯೋಳ್ತೀನಿ.’

ಹೇಳಲು ಬಿಡಲಿಲ್ಲ. ಚೀಲವನ್ನು ಕಿತ್ತುಕೊಂಡು ಜಗುಲಿಯ ಮೇಲೆ ಸುರಿದೆ. ಬಾಳೆಲೆಯಲ್ಲಿ ಸುತ್ತಿದ, ಹಿಂಡಿದ ಬಟ್ಟೆಯೊಳಗಿನ ಆರು ಕಟ್ಟು. ಮೂರು ಲೆಟಿಸ್, ಮೂರು ಕೊತ್ತಂಬರಿ. ಎಲ್ಲಕ್ಕೂ ಕೆಂಪು ದಾರ. ಒಂದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಇದು ನಾನು ಕಟ್ಟಿದ ದಾರ, ಸೋಮವಾರದ್ದು, ಹಳೇದು ತಂದು ಇಲ್ಲಿ ಸೇರಿಸಿ ಹೊಸದು ಹೊರುವವಳು ಇವಳೇ ಎಂದೆ. ಕೊನೆಗೆ ಕಳ್ಳಿ ಎಂದೆ. ಆ ಪದ ನನ್ನ ಬಾಯಿಂದ ಬಂದದ್ದು ಕೋಪದಲ್ಲಲ್ಲ. ಹಿಡಿದುಬಿಟ್ಟೆನೆಂಬ ಸಂತೋಷದಲ್ಲಿ ಬಂತು. ಅದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಇಷ್ಟು ದಿನ ಬೇಕಾಯಿತು.

ಉಳಿದ ಹೆಂಗಸರು ನೆಲ ನೋಡುತ್ತಿದ್ದರು. ಅವರು ಮಾತ್ರ ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡುತ್ತಿದ್ದರು.

‘ದಾರ ನೋಡುದ್ರಲ್ಲ ಅಣ್ಣಯ್ಯ,’ ಅಂದರು. ‘ಎಲೆನೂ ಒಸಿ ನೋಡಿ.’

ನಾನು ನೋಡಲಿಲ್ಲ. ಅವರು ಬರಿದಾದ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬಂದ ದಾರಿಯಲ್ಲೇ ಹೋದರು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೋಸಂಬರಿ ಬಡಿಸಿದಳು. ಅದರಲ್ಲಿ ಲೆಟಿಸನ್ನೂ ಹೆಚ್ಚಿ ಹಾಕಿದ್ದಳು. ಹಲ್ಲಿಗೆ ಸಿಕ್ಕರೆ ಕರಕರ ಎನ್ನುತ್ತಿತ್ತು. ಇವತ್ತಿನ ಕೊಯ್ಲು ಚೆನ್ನಾಗಿದೆ ಎಂದೆ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಕೆಂಪು ದಾರ ತೆಗೆದು, ತಟ್ಟೆಯ ಅಂಚಿಗೆ ಇಟ್ಟು ಒಳಗೆ ಹೋದಳು.

ನಾಲ್ಕು ದಿನದ ಸೊಪ್ಪು. ನನ್ನ ಕೋಣೆಯಲ್ಲಿ ಎರಡು ದಿನಕ್ಕೆ ಹಳದಿಯಾಗುವ ಸೊಪ್ಪು, ಅವರ ಶೀಟಿನ ಮನೆಯಲ್ಲಿ ನಾಲ್ಕು ದಿನ ಹಸಿರಾಗಿ ಉಳಿದಿತ್ತು. ತನ್ನ ಕೈಯಲ್ಲಿ ತಪ್ಪಿಲ್ಲ, ಕೋಣೆಯಲ್ಲಿದೆ ಎಂದು ತೋರಿಸಲು ಅವರಿಗೆ ಬೇರೆ ದಾರಿ ಇರಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಎರಡು ಸಲ ನಾನು ತಳ್ಳಿಹಾಕಿದ್ದೆ. ನಾಲ್ಕು ದಿನದ್ದು ಎಂಬುದಕ್ಕೆ ಸಾಕ್ಷಿಯನ್ನು ನಾನೇ ಕಟ್ಟಿಕೊಟ್ಟಿದ್ದೆ.

ಇದು ಆಗಲೇ ಅರ್ಥವಾಯಿತು ಎಂದು ಬರೆದರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡಂತೆ. ಅರ್ಥವಾಯಿತು, ಆದರೆ ಒಪ್ಪಲಿಲ್ಲ. ಇದರಲ್ಲೂ ಏನೋ ಮೋಸವಿದೆ, ದಾರವನ್ನು ಹೊಸ ಸೊಪ್ಪಿಗೆ ಬದಲಾಯಿಸಿರಬಹುದು, ಹೆಂಡತಿಯೂ ಇದರಲ್ಲಿ ಸೇರಿರಬಹುದು ಎಂದುಕೊಂಡೆ. ಮಾರನೆಯ ದಿನದಿಂದ ತೊಳೆಯುವ, ಜೋಡಿಸುವ ಕೆಲಸವನ್ನು ನಾನೇ ಹಿಡಿದೆ. ಅವರು ಮಾಡಿದಂತೆಯೇ ಮಾಡಿದೆ. ಕೋಣೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ನಾನೊಬ್ಬನೇ ಮುಟ್ಟಿದ ಕ್ರೇಟುಗಳು ಹಳದಿಯಾಗಿ ನಂಜನಗೂಡಿನಿಂದ ವಾಪಸು ಬಂದವು. ಇನ್ನೊಂದೇ ಲೋಡು ನೋಡುತ್ತೇವೆ ಎಂದರು ಉಸ್ತುವಾರಿ. ಈ ಸಲ ತಮಾಷೆ ಮಾಡಲಿಲ್ಲ.

ಅನುಮಾನಕ್ಕೆ ಮನುಷ್ಯರು ಮುಗಿದಿದ್ದರು. ಮೊದಲ ಸಲ ಕೋಣೆಯನ್ನು ಅನುಮಾನಿಸಿದೆ.

ಒಂದೇ ಮುಂಜಾನೆ ಕೊಯ್ದ ಸೊಪ್ಪನ್ನು ಮೂರು ಭಾಗ ಮಾಡಿದೆ. ಒಂದನ್ನು ಕತ್ತಲೆ ಕೋಣೆಯಲ್ಲಿ ಇಟ್ಟೆ. ಒಂದನ್ನು ಹಿತ್ತಲ ಬಚ್ಚಲಮನೆಯ ಪಕ್ಕದ ನೆರಳಿನಲ್ಲಿ, ಒಂದನ್ನು ಪಡಸಾಲೆಯಲ್ಲಿ. ಥರ್ಮಾಮೀಟರನ್ನು ಮೂರೂ ಕಡೆ ಹಿಡಿದು ನೋಡಿದೆ. ಪಡಸಾಲೆಯಲ್ಲಿ ಇಪ್ಪತ್ತೆಂಟು, ಎಲ್ಲಕ್ಕಿಂತ ಹೆಚ್ಚು. ಎರಡನೆಯ ದಿನ ಮೂರನ್ನೂ ಬಿಚ್ಚಿದೆ. ಬಚ್ಚಲಮನೆಯ ಪಕ್ಕದ್ದು ಕೊಯ್ದ ಹಾಗೇ ಇತ್ತು. ಪಡಸಾಲೆಯದು ಸ್ವಲ್ಪ ಬಾಡಿತ್ತು, ಆದರೆ ಹಸಿರು. ತಣ್ಣಗಿದ್ದ ಕೋಣೆಯದು ಮಾತ್ರ ಹಳದಿ, ದಂಟಿನ ಮೇಲೆ ತುಕ್ಕಿನ ಚುಕ್ಕೆ. ಬಿಸಿಯಿರುವಲ್ಲಿ ಹಸಿರು, ತಣ್ಣಗಿರುವಲ್ಲಿ ಹಳದಿ. ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ತೊಲೆಯಿಂದ ಎರಡು ಗೊನೆ ತೂಗುತ್ತಿದ್ದವು. ಒಂದು ಪೂರ್ತಿ ಹಣ್ಣಾಗಿತ್ತು. ಮೊದಲ ಕ್ರೇಟು ವಾಪಸು ಬಂದದ್ದು ಮೊದಲ ಗೊನೆ ಕಟ್ಟಿದ ಮೇಲೆ ಎಂಬುದು ಆಗ ನೆನಪಾಯಿತು.

ತಿ. ನರಸೀಪುರಕ್ಕೆ ಹೋಗಿ ತೋಟಗಾರಿಕೆಯ ಒಬ್ಬ ಅಧಿಕಾರಿಯನ್ನು ಕೇಳಿದೆ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಒಂದು ಹಣ್ಣು ಇನ್ನೊಂದನ್ನು ಹಣ್ಣಾಗಿಸುವುದು ಅದರಿಂದಲೇ, ಮುಚ್ಚಿದ ಕೋಣೆಯಲ್ಲಿ ಅದು ಸೊಪ್ಪನ್ನು ಹಳದಿ ಮಾಡುತ್ತದೆ, ಕ್ಯಾರೆಟನ್ನು ಕಹಿ ಮಾಡುತ್ತದೆ ಎಂದರು. ಕಿಟಕಿಗೆ ಗೋಣಿ ತುರುಕಿದ್ದನ್ನು ಕೇಳಿ, ಒಳ್ಳೆ ಕೆಲಸ ಮಾಡಿದ್ದೀರಿ ಎಂದು ನಕ್ಕರು. ಅಕ್ಕಿಯಲ್ಲಿ ಮಾವಿನಕಾಯಿ ಹೂತಿಟ್ಟು ಹಣ್ಣು ಮಾಡುವಾಗ ನಮ್ಮ ಅವ್ವನೂ ಕಾವಿಗೆ ಹಾಕಿದ್ದೇನೆ ಎನ್ನುತ್ತಿದ್ದಳು. ಶಾಖವಲ್ಲದ ಆ ಕಾವು ನನಗೆ ಗೊತ್ತಿಲ್ಲದ ಮಾತೇನೂ ಆಗಿರಲಿಲ್ಲ. ಹೇಳಿದವರು ಯಾರು ಎಂದು ನೋಡಿದೆ, ಹೇಳಿದ್ದೇನು ಎಂದು ಕೇಳಲಿಲ್ಲ.

ಗೊನೆಗಳನ್ನು ಕೊಟ್ಟಿಗೆಗೆ ಸಾಗಿಸಿದೆ. ಗೋಣಿ ಕಿತ್ತು ಕಿಟಕಿ ತೆರೆದೆ. ಎರಡು ದಿನ ಕೋಣೆಗೆ ಗಾಳಿಯಾಡಲು ಬಿಟ್ಟು ಕ್ರೇಟು ಇಟ್ಟೆ. ಆ ಲೋಡಿನ ಒಂದು ಎಲೆಯೂ ವಾಪಸು ಬರಲಿಲ್ಲ. ಕ್ಯಾಂಟೀನಿನ ಆರ್ಡರು ಉಳಿಯಿತು, ಈಗಲೂ ನಡೆಯುತ್ತಿದೆ.

ಆಮೇಲೆ ತಿ. ನರಸೀಪುರದಲ್ಲಿ ರೈತರ ಸಭೆಯೊಂದಕ್ಕೆ ನನ್ನನ್ನು ಕರೆದು, ಕೊಯ್ಲಾದ ಸೊಪ್ಪು ಕಾಪಾಡುವ ಬಗ್ಗೆ ಮಾತಾಡಿಸಿದರು. ಬಾನಿ, ಮಂಕರಿ, ಹಿಂಡಿದ ಬಟ್ಟೆ, ಎಲೆ ತಿರುವುವುದು, ಬಾಳೆಹಣ್ಣನ್ನು ದೂರ ಇಡುವುದು, ಎಲ್ಲ ಹೇಳಿದೆ. ಇದೆಲ್ಲ ಹೇಗೆ ಕಲಿತಿರಿ ಎಂದು ಒಬ್ಬರು ಕೇಳಿದರು. ಅನುಭವ ಎಂದೆ. ಶಾಲು ಹೊದಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಹೆಮ್ಮಿಗೆ ಹತ್ತಿರ ಬಂದಾಗ, ‘ಆ ಮಾತು ಯಾರದು ಅಂತ ಯೋಳ್ಬೋದಿತ್ತು’ ಅಂದಳು.

ಒಮ್ಮೆ ಅವರ ಮನೆಯ ತನಕ ಹೋದೆ. ಹೊಸಿಲ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎದ್ದು ಚಾಪೆ ಹಾಕಿದರು, ನೀರು ಕೊಟ್ಟರು. ತಪ್ಪಾಯಿತು ಎನ್ನಲೆಂದೇ ಹೋಗಿದ್ದೆ. ಬಾಯಿಂದ ಹೊರಬಿದ್ದದ್ದು ಬೇರೆ. ಸೋಮವಾರದಿಂದ ಕೆಲಸಕ್ಕೆ ಬಾಮ್ಮ ಎಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ. ಅವರು ಕಾಳು ಬಿಡಿಸುತ್ತಲೇ ಹೇಳಿದರು:

‘ಬರಾದ್ಕೇನು ಅಣ್ಣಯ್ಯ. ಚೀಲ ತಕೊಂಡು ಬರ್ಬೇಕಾ, ಬುಟ್ಟು ಬರ್ಬೇಕಾ, ಅದೊಂದ ಯೋಳ್ಬುಡಿ.’

ನೀರಿನ ಲೋಟ ಕೆಳಗಿಟ್ಟು ಎದ್ದುಬಂದೆ. ಅವರು ಬರಲಿಲ್ಲ. ಮತ್ತೆ ನಾಟಿಗೆ, ಕಳೆಗೆ ಹೋಗುತ್ತಿದ್ದಾರೆ.

ನಮ್ಮೂರಿನಲ್ಲಿ ಅಡ್ಡಹೆಸರು ಹುಟ್ಟಲು ಒಂದು ದಿನ ಸಾಕು. ಆ ಶುಕ್ರವಾರ ಸಂಜೆಗೇ ಅವರು ‘ಚೀಲದಮ್ಮ’ ಆದರು. ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ರೇಷನ್ ಅಂಗಡಿಯ ಸಾಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಕೂಲಿಗೆ ಕರೆಯುವಾಗ, ಎಲ್ಲ ಕಡೆ ಚೀಲದಮ್ಮ. ಕರೆಯುವವರಲ್ಲಿ ಎಷ್ಟೋ ಜನಕ್ಕೆ ಅದು ಯಾಕೆಂದೂ ತಿಳಿಯದು, ಕೆಟ್ಟ ಉದ್ದೇಶವೂ ಇಲ್ಲ. ಅವರೂ ಆ ಹೆಸರಿಗೆ ತಿರುಗಿ ನೋಡುತ್ತಾರೆ. ಹೋದ ತಿಂಗಳು ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ನಮ್ಮ ಜಗುಲಿಯಲ್ಲಿ ಕೂತು, ಚೀಲದಮ್ಮನವರ ನಿಜವಾದ ಹೆಸರು ಏನು ಎಂದು ಕೇಳಿದಳು. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಗೊತ್ತಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಏನು ಎಂಬುದೂ ಗೊತ್ತಿತ್ತು. ಎದ್ದು ಒಳಗೆ ಹೋದೆ.

ಇದನ್ನು ಓದುವ ನಮ್ಮೂರಿನವರಿಗೆ, ಆ ಹೆಣ್ಣುಮಗಳಿಗೆ ಇಲ್ಲಿ ಹೇಳುತ್ತಿದ್ದೇನೆ. ಅವರು ಕದ್ದಿರಲಿಲ್ಲ. ಅವರ ಹೆಸರು ಪುಟ್ಟಮಾದಮ್ಮ.